ಸಂಘದ ರೈಡರ್

ನಮ್ಮೂರ ಹೆಸರು ಹೇಳುವುದಿಲ್ಲ. ಹೇಳಿದರೆ ನಾಳೆಯೇ ಚಾವಡಿ ಮುಂದೆ ಮಂದಿ ಕೂಡುತ್ತಾರೆ, ಕೇರಿಯ ಹಿರಿಯರನ್ನು ಕರೆಸಿ ಬಿಸಿಲಲ್ಲಿ ನಿಲ್ಲಿಸುತ್ತಾರೆ. ಸಿಂಧನೂರಿನಿಂದ ಸಾಲಗುಂದದ ಕಡೆ ಹೋದರೆ ಕಾಲುವೆ ಕೆಳಗೆ ಸಿಗುವ ಊರುಗಳಲ್ಲಿ ಒಂದು ಎಂದುಕೊಳ್ಳಿ. ಸುತ್ತ ಭತ್ತ. ಭತ್ತದ ನಡುವೆ ಊರು. ಊರಿನ ನೀರು ಬಸಿದು ಹೋಗುವ ಕಡೆ ನಮ್ಮ ಕೇರಿ.

ಎಂಬತ್ತೇಳು ಎಂಬತ್ತೆಂಟರ ಮಾತು. ನನಗೆ ಹತ್ತೊಂಬತ್ತೋ ಇಪ್ಪತ್ತೋ. ಆ ವಯಸ್ಸಿನವನಿಗೆ ಸಂಜೆ ಅನ್ನುವುದು ದೊಡ್ಡ ಶಿಕ್ಷೆ. ದುಡಿದ ಮೈ ನೋಯುತ್ತಿರುತ್ತದೆ, ಆದರೂ ಒಳಗೆ ಏನೋ ಕುದಿಯುತ್ತಿರುತ್ತದೆ. ಎಲ್ಲಿಗೆ ಹೋಗಬೇಕು? ಊರಲ್ಲಿ ಗರಡಿ ಮನೆ ಇತ್ತು. ಅದರೊಳಗೆ ಹನುಮಪ್ಪ ದೇವರು ಇದ್ದ, ಹಾಗಾಗಿ ನಾವು ಹೊರಗೆ. ಹೋಟೆಲ್ಲಿನಲ್ಲಿ ಕೇರಂ ಬೋರ್ಡ್ ಇತ್ತು. ಬೋರ್ಡ್ ಒಳಗೆ, ನಮ್ಮ ಚಹಾದ ಗ್ಲಾಸು ಹೊರಗಿನ ಗೂಡಿನಲ್ಲಿ. ಪಂಚಾಯಿತಿಯ ರೇಡಿಯೋ ಚಾವಡಿಯಲ್ಲಿತ್ತು. ಮೆಟ್ಟಿಲ ಕೆಳಗೆ ನಿಂತು ಕೇಳಿದರೆ ಯಾರೂ ಬೇಡ ಅನ್ನುತ್ತಿರಲಿಲ್ಲ. ಅಷ್ಟು ದೊಡ್ಡ ಮನಸ್ಸು ಅವರದು. ಸಿಂಧನೂರಿನ ಟಾಕೀಸಿಗೆ ಹೋದರೆ ಒಂದು ದಿನದ ಕೂಲಿ ಹೋಗುತ್ತಿತ್ತು. ಉಳಿದದ್ದು ಸಾರಾಯಿ ಅಂಗಡಿ. ಅದೊಂದಕ್ಕೆ ಯಾವ ಕಟ್ಟಳೆಯೂ ಇರಲಿಲ್ಲ. ದುಡ್ಡು ಕೊಟ್ಟವನಿಗೆಲ್ಲ ಸುರಿಯುತ್ತಿದ್ದರು. ನನ್ನ ವಾರಿಗೆಯ ಹುಡುಗರು ಮೀಸೆ ಬರುವ ಮೊದಲೇ ಅಲ್ಲಿಗೆ ಹೋಗುವುದನ್ನು ಕಲಿತರು. ಕೆಲವರು ಈಗ ಇಲ್ಲ.

ಆಗ ಯುವಕ ಸಂಘ ಆಯಿತು. ಗೌಡರ ಮಗ ಅಮರೇಗೌಡ ಅಧ್ಯಕ್ಷ. ಸರ್ಕಾರ ಸಂಘಗಳಿಗೆ ಆಟದ ಸಾಮಾನು ಕೊಡುತ್ತದೆ, ಆದರೆ ಎಲ್ಲ ಜಾತಿಯ ಹುಡುಗರೂ ಇರಬೇಕು ಎಂದು ಯಾರೋ ಅವನಿಗೆ ಹೇಳಿದ್ದರು. ಒಂದು ದಿನ ಮೋಟಾರ್ ಸೈಕಲ್ ನಮ್ಮ ಕೇರಿಯ ಬಾಯಿಗೆ ಬಂದು ನಿಂತಿತು. ಅವನು ಇಳಿಯಲಿಲ್ಲ.

"ಬರ್ರಲೇ ಹುಡುಗರಾ. ಸಂಘ ಮಾಡೀವಿ. ನಿಮ್ಮನ್ನೂ ಸೇರಿಸ್ಕೊಂತೀವಿ. ಮೊದಲ ಮೈದಾನ ಮಾಡಬೇಕು."

ಕೇರಿಯ ಹಿಂದೆ ಗೈರಾಣ ಇತ್ತು, ಸರ್ಕಾರದ ಬೀಳು ಭೂಮಿ. ಸತ್ತ ದನ ಎಳೆದು ತಂದು ಸುಲಿಯುತ್ತಿದ್ದ ಜಾಗ. ತುಂಬ ಜಾಲಿ ಬೆಳೆದಿತ್ತು. ಅದನ್ನು ನಾವು ಕಡಿದೆವು. ಬೇರು ಕಿತ್ತೆವು. ಕಾಲುವೆ ದಂಡೆಯಿಂದ ಗರಸು ಹೊತ್ತು ತಂದು ಸುರಿದೆವು, ನೀರು ಹೊಡೆದೆವು, ದಿಮ್ಮಿಸಿನಿಂದ ಬಡಿದೆವು. ಅಂಗೈ ಬೊಬ್ಬೆ ಒಡೆದು ದಿಮ್ಮಿಸಿನ ಹಿಡಿಗೆ ಅಂಟುತ್ತಿತ್ತು. ಹಗಲು ಕೂಲಿ, ಹೊತ್ತು ಇಳಿದ ಮೇಲೆ ಮೈದಾನ. ಇದಕ್ಕೆ ಶ್ರಮದಾನ ಅಂದರು. ಶ್ರಮ ನಮ್ಮದು, ದಾನ ಯಾರದೋ ಗೊತ್ತಾಗಲಿಲ್ಲ. ಸಂಘದ ಉಳಿದವರು ಬದುವಿನ ಮೇಲೆ ಕೂತು ಶೇಂಗಾ ತಿನ್ನುತ್ತ ಎಲ್ಲಿ ತಗ್ಗಿದೆ, ಎಲ್ಲಿ ಉಬ್ಬಿದೆ ಹೇಳುತ್ತಿದ್ದರು.

ನಮ್ಮವ್ವ ಯಮನಮ್ಮ ನಾಟಿ ಗುಂಪಿನ ಮುಂದಾಳು. ಮಳೆಗಾಲ ಬಂದರೆ ಅವಳ ಕಾಲಬೆರಳ ಸಂದಿಯ ಹುಣ್ಣು ಮಾಯುತ್ತಲೇ ಇರಲಿಲ್ಲ. ನನ್ನ ಅಂಗೈ ನೋಡಿ ಅಂದಳು:

"ಹೊಟ್ಟಿಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗಿ ಹೂವಾ? ಅವರ ಜೋಡಿ ಎಂಥಾ ಆಟಲೇ ನಿಂದು?"

"ನಮಗೂ ಆಡಾಕ ಕೊಡ್ತಾರಂತ ಬೇ."

"ಕೊಡ್ತಾರ ಕೊಡ್ತಾರ. ಕೊಟ್ಟ ಕೈ ನೋಡೀನಿ ನಾನು."

ಸಾಮಾನು ಬಂತು. ವಾಲಿಬಾಲು, ನೆಟ್ಟು, ಕೇರಂ ಬೋರ್ಡು, ಬನಿಯನ್ನು. ಎಲ್ಲ ಗೌಡರ ಮನೆಯ ಮೇಲಿನ ಕೋಣೆಗೆ ಹೋಯಿತು. ಕೇರಿಯ ಹುಡುಗರು ಸಂಜೆ ಮೈದಾನಕ್ಕೆ ಹೋದರೆ, "ಎಲ್ಲಾರೂ ಆಡಿದ್ರ ನೋಡಾವರು ಯಾರಲೇ?" ಅಂದು ನಕ್ಕರು. ನಮ್ಮವರು ಬದುವಿನ ಮೇಲೆ ಕೂತರು. ಅವರು ಬದುವಿನಿಂದ ಎದ್ದು ಮೈದಾನಕ್ಕೆ ಇಳಿದರು. ಅಷ್ಟೇ ಬದಲಾವಣೆ.

ನನ್ನೊಬ್ಬನನ್ನು ಮಾತ್ರ ಕರೆದರು. ನಾನು ಓಡುತ್ತಿದ್ದೆ. ಕಾಲುವೆ ಬಂದ ಮೇಲೆ ಭೂಮಿ ಕೊಂಡು ಕ್ಯಾಂಪು ಕಟ್ಟಿಕೊಂಡಿದ್ದ ಆಂಧ್ರದವರ ಗದ್ದೆಗಳಲ್ಲಿ ಸಸಿ ಹೊರುವ ಕೆಲಸ ನನ್ನದು. ನೀರು ಸೋರುವ ಸಸಿಯ ಹೊರೆ ತಲೆಯ ಮೇಲೆ, ಕಾಲಿನ ಕೆಳಗೆ ಜಾರುವ ಬದು. ನಾಟಿಯ ಹೆಂಗಸರ ಕೈ ಖಾಲಿ ಆಗುವುದರೊಳಗೆ ಮುಟ್ಟಿಸಬೇಕು. ತಡವಾದರೆ ತೆಲುಗಿನಲ್ಲಿ ಬೈಗುಳ, ಬಿದ್ದರೆ ಕನ್ನಡದಲ್ಲಿಯೂ ಬೈಗುಳ. ಹಾಗೆ ಓಡಿ ಓಡಿ ನನ್ನ ಕಾಲು ಪಳಗಿದ್ದವು. ಕಬಡ್ಡಿಗೆ ಇಂಥವನು ಬೇಕು ಎಂದು ಪಿ.ಟಿ. ಮಾಸ್ತರರು ಹೇಳಿದರಂತೆ. "ಆಟಕ್ಕ ಜಾತಿ ಇಲ್ಲ ಬಾಲಪ್ಪ. ಗೆರಿಯೊಳಗ ಬಂದ್ರ ಎಲ್ಲಾರೂ ಒಂದ" ಎಂದು ನನಗೂ ಹೇಳಿದರು. ಪಾಪ, ಒಳ್ಳೆಯವರು. ಒಳ್ಳೆಯವರ ಮಾತು ನಂಬಿಯೇ ನಾವು ಹೆಚ್ಚು ಕೆಟ್ಟಿದ್ದು.

ಮೊದಲ ದಿನದ ಆಟ ನನಗೆ ಇನ್ನೂ ಕಣ್ಣಲ್ಲಿದೆ. ಸಂಘದವರೇ ಎರಡು ಪಾಳಿಯಾದರು. ನಾನು ದಮ್ಮು ಹಿಡಿದು ಆ ಕಡೆಗೆ ನುಗ್ಗಿದೆ. ಅವರು ಹಿಂದೆ ಸರಿದರು. ಕೈ ಚಾಚಿದೆ. ನನ್ನ ಕೈ ಒಂದು ಮೊಳ ದೂರ ಇರುವಾಗಲೇ ಒಬ್ಬ ಕೈ ಎತ್ತಿ "ಔಟ್" ಎಂದು ಹೊರಗೆ ಹೋದ. ಮತ್ತೊಬ್ಬನ ಕಡೆ ತಿರುಗಿದೆ. ಅವನೂ ಕೈ ಎತ್ತಿದ. ಮೂರನೆಯವನು ಗೆರೆಯಾಚೆ ಜಿಗಿದ. ನಾನು ತಿರುಗಿ ಬಂದೆ. ಯಾರೂ ಬೆನ್ನು ಹತ್ತಲಿಲ್ಲ.

ನನ್ನನ್ನು ಕಂಡರೆ ಹೆದರುತ್ತಾರೆ ಎಂದುಕೊಂಡೆ. ಗೌಡರ, ಸಾಹುಕಾರರ ಮಕ್ಕಳು ನನ್ನನ್ನು ಕಂಡು ಹೆದರುತ್ತಾರೆ. ಆ ಸಂಜೆ ಕೇರಿಗೆ ಹೋಗುವಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಎರಡು ವರ್ಷ ಹೀಗೇ ಆಡಿದೆ. ಎದುರಿನವನು ರೈಡ್ ಬಂದಾಗ ನಮ್ಮ ಪಾಳಿಯವರು ಕೈ ಕೈ ಹಿಡಿದು ಸರಪಳಿ ಮಾಡುತ್ತಿದ್ದರು. ನಾನು ಮೂಲೆಯಲ್ಲಿ ಒಬ್ಬನೇ ನಿಲ್ಲುತ್ತಿದ್ದೆ. ಒಮ್ಮೆ ಸರಪಳಿಯಲ್ಲಿ ಸೇರಲು ಹೋದೆ.

"ನೀ ಬ್ಯಾಡಪ" ಅಂದ ಅಮರೇಗೌಡ. "ನೀ ಹುಲಿ ಇದ್ದಂಗ. ಹುಲಿ ಯಾರಾರ ಸರಪಳ್ಯಾಗ ಕಟ್ಟತಾರೇನು? ನೀ ರೈಡಿಗಷ್ಟ ಹೋಗು."

ಹುಲಿ ಅಂದ ಮಾತನ್ನು ನಾನು ಕೇರಿಯಲ್ಲೆಲ್ಲ ಹೇಳಿಕೊಂಡು ತಿರುಗಿದೆ. ಥೂ, ನನ್ನ ಜನ್ಮಕ್ಕೆ.

ನೀವು ಕೇಳಬಹುದು, ಅಷ್ಟೂ ತಿಳಿಯಲಿಲ್ಲವೇ ನಿನಗೆ ಎಂದು. ತಿಳಿಯಲಿಲ್ಲ. ಆಟ ಮುಗಿದ ಮೇಲೆ ಕೊಡದ ನೀರನ್ನು ನನ್ನ ಬೊಗಸೆಗೆ ಮೇಲಿನಿಂದ ಹೊಯ್ಯುತ್ತಿದ್ದರು. ಅದು ನನಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಹಾಗೆಯೇ ಕುಡಿದಿದ್ದೆ. ಮೈಲಿಗೆ ನೀರಿನಲ್ಲಿ ಇರುತ್ತದೆ, ಚಹಾದಲ್ಲಿ ಇರುತ್ತದೆ, ಕ್ಷೌರದ ಅಂಗಡಿಯಲ್ಲಿ ಇರುತ್ತದೆ. ಈ ನಾಲ್ಕು ಗೆರೆಯೊಳಗೆ ಮಾತ್ರ ಇಲ್ಲ ಎಂದುಕೊಂಡಿದ್ದೆ. ನಾನೇ ಬಡಿದು ಮಾಡಿದ ನೆಲ ಅದು. ಅಲ್ಲಾದರೂ ಇರಬಾರದು ಎಂಬ ಆಸೆ. ಆಸೆ ಇದ್ದವನ ಕಣ್ಣಿಗೆ ಕಂಡದ್ದೂ ಕಾಣುವುದಿಲ್ಲ. ಸುತ್ತಲಿನ ಊರುಗಳ ಜೊತೆಯೂ ಆಡಿದೆವು. ಅಲ್ಲೆಲ್ಲ ಯಾರು ಯಾವ ಕೇರಿಯವನು ಎಂದು ನಾಯಿಗೂ ಗೊತ್ತು. ಅಲ್ಲಿಯೂ ಕೈ ಎತ್ತಿದರು. ನಮ್ಮ ಸಂಘ ಗೆದ್ದಿತು. ನನ್ನ ಹೆಸರು ದೊಡ್ಡದಾಯಿತು. ಸಾರಾಯಿ ಅಂಗಡಿಯ ಕಡೆ ನಾನು ತಲೆ ಹಾಕಲಿಲ್ಲ. ಹಗಲೆಲ್ಲ ಹೊರೆ ಹೊತ್ತು ಕತ್ತು ಹಿಡಿದುಕೊಂಡಿರುತ್ತಿತ್ತು, ಸಂಜೆಯ ಆಟ ನೆನೆದರೆ ಹಗುರಾಗುತ್ತಿತ್ತು. ನನ್ನ ಹತ್ತಿರ ಇದ್ದದ್ದು ಅದೊಂದೇ.

ಲಿಂಗಸುಗೂರಿನಲ್ಲಿ ಪಂದ್ಯ ಇದೆ ಎಂದು ಸುದ್ದಿ ಬಂತು. ಗೆದ್ದ ತಂಡದ ಒಳ್ಳೆಯ ರೈಡರನ್ನು ರಾಯಚೂರಿನ ಜಿಲ್ಲಾ ತಂಡಕ್ಕೆ ಆರಿಸುತ್ತಾರೆ. ಆರಿಸುವವರು ಖುದ್ದು ಬರುತ್ತಾರೆ. ಜಿಲ್ಲೆಗೆ ಆಡಿದವರಿಗೆ ಪೊಲೀಸ್ ಕೆಲಸ ಸಿಗುತ್ತದೆ ಎಂದು ಮಾಸ್ತರರು ಹೇಳಿದರು. ನನಗೆ ಪೊಲೀಸ್ ಆಗುವುದಕ್ಕಿಂತ ರಾಯಚೂರು ದೊಡ್ಡದಾಗಿ ಕಂಡಿತು. ಅಲ್ಲಿ ಬೂಟು ಕೊಡುತ್ತಾರಂತೆ. ಜಿಲ್ಲೆಯ ಹುಡುಗರೆಲ್ಲ ಒಂದೇ ಹಾಲಿನಲ್ಲಿ ಮಲಗುತ್ತಾರಂತೆ. ನಾನು ಹಗಲೂ ಅದನ್ನೇ ಕನಸು ಕಂಡೆ. ಹೊರೆ ಹೊತ್ತು ಓಡುವಾಗಲೂ ಬಾಯಲ್ಲಿ ಕಬಡ್ಡಿ ಕಬಡ್ಡಿ ಅನ್ನುತ್ತಿದ್ದೆ. ನಾಟಿಯ ಹೆಂಗಸರು, "ಯಮನಮ್ಮ, ನಿನ್ನ ಮಗಗ ಗಾಳಿ ಹೊಕ್ಕೈತಿ ನೋಡು" ಎಂದು ನಗುತ್ತಿದ್ದರು.

ಗೌಡರ ಟ್ರ್ಯಾಕ್ಟರಿನಲ್ಲಿ ಹೊರಟೆವು. ಟ್ರೇಲರಿನ ಎರಡು ಬದಿಗೆ ಬಿದಿರು ಕೋಲು ಕಟ್ಟಿ ಸಂಘದ ಬ್ಯಾನರು ಹಚ್ಚಿದ್ದರು. ಉಳಿದವರು ಹುಲ್ಲು ಹಾಸಿ ಕೂತರು. ನಾನು ಹಿಂದಿನ ಪಳಿಯ, ಅಂಚಿನ ಹಲಗೆಯ ಮೇಲೆ. ಸಿಂಧನೂರು ದಾಟಿತು, ಮಸ್ಕಿ ದಾಟಿತು. ಹಸಿರು ಮುಗಿದು ಬಯಲು ಬಂತು. ಈ ಕಡೆ ಯಾರಿಗೂ ನಾನು ಯಾರು ಎಂದು ಗೊತ್ತಿಲ್ಲ ಅನ್ನುವುದು ನನಗೆ ಹೊಳೆಯಲೂ ಇಲ್ಲ.

ಲಿಂಗಸುಗೂರಿನ ಮೈದಾನದಲ್ಲಿ ಮಂದಿಯೋ ಮಂದಿ. ಪೆಂಡಾಲಿನ ನೆರಳಲ್ಲಿ ಕುರ್ಚಿ. ಬಿಳಿ ಟೋಪಿ ಹಾಕಿದ್ದವರು ರಾಯಚೂರಿನಿಂದ ಬಂದವರು ಎಂದು ಮಾಸ್ತರರು ತೋರಿಸಿದರು. ನಮ್ಮ ಎದುರು ಮುದಗಲ್ ಕಡೆಯ ಒಂದು ಹಳ್ಳಿಯ ತಂಡ. ಗಟ್ಟಿ ಆಳುಗಳು.

ಮೊದಲ ರೈಡಿಗೆ ನಾನೇ ಹೋದೆ. ಗೆರೆ ದಾಟಿದೆ. ಅವರು ಕೈ ಎತ್ತುವುದನ್ನು ಕಾದೆ. ಎತ್ತಲಿಲ್ಲ. ಇನ್ನೂ ಒಳಗೆ ಹೋಗಿ ಕೈ ಚಾಚಿದೆ. ಒಬ್ಬ ನೆಲಕ್ಕೆ ಬಿದ್ದು ನನ್ನ ಹಿಮ್ಮಡಿ ಹಿಡಿದ. ಇನ್ನೊಬ್ಬ ಹಿಂದಿನಿಂದ ಬಂದು ಸೊಂಟಕ್ಕೆ ಎರಡೂ ತೋಳು ಹಾಕಿ ಎತ್ತಿ ಕೆಡವಿದ. ಮೇಲೆ ಮೂರು ಜನ ಬಿದ್ದರು. ನನ್ನ ಬಾಯೊಳಗೆ ಮಣ್ಣು. ದಮ್ಮು ಹೋಯಿತು. ಸೀಟಿ ಊದಿದರು.

ನನಗೆ ಏನಾಯಿತು ಎಂದೇ ತಿಳಿಯಲಿಲ್ಲ. ನೋವು ಇತ್ತು, ಆದರೆ ನೋವು ನನಗೆ ಹೊಸದಲ್ಲ. ಹೊಸದು ಬೇರೆ ಇತ್ತು. ಹಿಂದಿನಿಂದ ಹಿಡಿದವನ ಎದೆ ನನ್ನ ಬೆನ್ನಿಗೆ ಒತ್ತಿತ್ತು. ಅವನ ಎದೆಬಡಿತ ನನಗೆ ತಾಗುತ್ತಿತ್ತು. ಅವನ ಬೆವರು ನನ್ನ ಕತ್ತಿನ ಮೇಲೆ ಇಳಿಯಿತು. ಕುರಿಯ, ಕಂಬಳಿಯ ವಾಸನೆ. ಕೇರಿಯ ಹೊರಗಿನ ಯಾವ ಮನುಷ್ಯನೂ ನನ್ನನ್ನು ಹಾಗೆ ಹಿಡಿದಿರಲಿಲ್ಲ.

ಅವನೇ ಮೊದಲು ಎದ್ದ. ನನಗೆ ಕೈ ಕೊಟ್ಟ.

"ಏಳಪ. ಭಾಳ ಪೆಟ್ಟಾತೇನು?"

ನಾನು ಆ ಕೈ ನೋಡುತ್ತ ಕೂತೆ. ಅವನೇ ರಟ್ಟೆ ಹಿಡಿದು ಎಬ್ಬಿಸಿದ. ಬೆನ್ನ ಮೇಲಿನ ಧೂಳು ಬಡಿದ. ಅವನ ಜೊತೆಯವರು "ಹೊನ್ನೂರಪ್ಪ, ಛಲೋ ಹಿಡದಿ" ಎಂದು ಕೂಗಿದರು. ಹಾಗಾಗಿ ಹೆಸರು ಗೊತ್ತಾಯಿತು. ಕುರುಬರ ಹುಡುಗ.

ಎರಡನೇ ಸಲ ಹೋದೆ. ಹಿಡಿದರು. ಮೂರನೇ ಸಲವೂ ಹಿಡಿದರು. ಹಿಡಿತದಿಂದ ಬಿಡಿಸಿಕೊಳ್ಳುವುದು ಹೇಗೆ ಎಂದು ನನಗೆ ಯಾರೂ ಕಲಿಸಿರಲಿಲ್ಲ. ಯಾರೂ ಹಿಡಿಯದೆ ಇದ್ದವನು ಬಿಡಿಸಿಕೊಳ್ಳುವುದನ್ನು ಎಲ್ಲಿ ಕಲಿಯುತ್ತಾನೆ? ಮಂದಿ ನಗತೊಡಗಿದರು. ಬಿಳಿ ಟೋಪಿಯವರು ಬೇರೆ ಕಡೆ ನೋಡುತ್ತ ಮಾತಿಗೆ ಬಿದ್ದರು. ಆದರೂ ಒಂದು ಮಾತು ಹೇಳಬೇಕು. ಅಷ್ಟು ಕೆಳಗೆ ಬಿದ್ದರೂ ನನಗೆ ಒಳಗೊಳಗೆ ಒಂದು ಸುಖ. ನಾಳೆಯಿಂದ ಕಲಿಯಬೇಕು ಎನಿಸಿತು. ನಿಜವಾದ ಆಟ ಇದು ಎನಿಸಿತು.

ಅರ್ಧ ಆಟ ಮುಗಿದಾಗ ನಾವು ಬಹಳ ಹಿಂದೆ ಬಿದ್ದಿದ್ದೆವು. ಅಮರೇಗೌಡನ ಮುಖ ಕೆಂಡ.

"ಏನಲೇ, ಹೆಣ ಬಿದ್ದಂಗ ಬೀಳಾಕತ್ತೀಯಲ್ಲ?"

"ಅವರು ಹಿಡೀತಾರ್ರಿ ಗೌಡ್ರ" ಅಂದೆ.

ನಮ್ಮ ತಂಡದವರಲ್ಲಿ ಒಬ್ಬ ಕಿಸಕ್ಕನೆ ನಕ್ಕ. ಅವನ ಹಿಂದೆ ಎಲ್ಲರೂ ನಕ್ಕರು. ಅಮರೇಗೌಡನೂ ನಕ್ಕ. ಏನೋ ಹೊಳೆದವನ ಹಾಗೆ ಎದ್ದು, ಟವೆಲ್ಲು ಹೆಗಲಿಗೆ ಹಾಕಿಕೊಂಡು, ಎದುರು ತಂಡದ ಕಡೆ ಹೋದ. ಅವರ ಕ್ಯಾಪ್ಟನ್‌ನ ಹೆಗಲ ಮೇಲೆ ಕೈ ಹಾಕಿ ಮಾತಾಡಿದ. ಅವರೆಲ್ಲ ತಿರುಗಿ ನನ್ನ ಕಡೆ ನೋಡಿದರು. ಹೊನ್ನೂರಪ್ಪ ತನ್ನ ಅಂಗೈ ನೋಡಿಕೊಂಡ. ಎದ್ದು ನಳಕ್ಕೆ ಹೋದ. ಕೈ ತೊಳೆದ, ತೋಳು ತೊಳೆದ, ಎದೆ ತೊಳೆದ. ಧೂಳು ತೊಳೆಯುತ್ತಿದ್ದಾನೆ ಎಂದುಕೊಂಡೆ. ಆಟ ಇನ್ನೂ ಅರ್ಧ ಇರುವಾಗ ಯಾಕೆ ತೊಳೆಯುತ್ತಾನೆ ಎಂದು ಕೇಳಿಕೊಳ್ಳಲಿಲ್ಲ.

ಮತ್ತೆ ಸೀಟಿ ಆಯಿತು. ಗೆರೆ ದಾಟಿದೆ. ಅವರು ಹಿಂದೆ ಸರಿದರು. ಕೈ ಚಾಚಿದೆ. ನನ್ನ ಕೈ ಒಂದು ಮೊಳ ದೂರ ಇರುವಾಗಲೇ ಒಬ್ಬ ಕೈ ಎತ್ತಿ "ಔಟ್" ಅಂದ.

ಆ ಎತ್ತಿದ ಕೈ ನನಗೆ ಗೊತ್ತಿತ್ತು. ಎರಡು ವರ್ಷ ನಮ್ಮೂರಲ್ಲಿ ನೋಡಿದ್ದೆ. ಕಾಲು ತಾವಾಗಿಯೇ ಓಡಿದವು. ಮತ್ತೊಬ್ಬ ಗೆರೆಯಾಚೆ ಹೋದ. ತಿರುಗಿ ಬಂದೆ. ಮುಂದಿನ ರೈಡು. ಅದರ ಮುಂದಿನದು. ನಮ್ಮ ಅಂಕ ಏರಿತು. ಮಂದಿ ಸೀಟಿ ಹೊಡೆದರು. ಬಿಳಿ ಟೋಪಿಯವರು ಕುರ್ಚಿ ಮುಂದೆ ಎಳೆದುಕೊಂಡು ನನ್ನನ್ನೇ ನೋಡತೊಡಗಿದರು. ಎರಡೂ ತಂಡ ಸಮಕ್ಕೆ ಬಂದಾಗ ಅವರ ಕ್ಯಾಪ್ಟನ್ ಒಂದೆರಡು ನಿಮಿಷ ಆಟ ನಿಲ್ಲಿಸಲು ಕೇಳಿಕೊಂಡ. ನಾವೆಲ್ಲ ನಮ್ಮ ಕಡೆ ಬಂದೆವು.

"ಏನ್ ಹೇಳಿ ಬಂದ್ರಿ ಗೌಡ್ರ ಅವರಿಗೆ?"

"ಇದ್ದದ್ದು ಹೇಳಿದೆ." ಅಮರೇಗೌಡ ಟವೆಲ್ಲಿನಿಂದ ಕತ್ತು ಒರೆಸಿಕೊಂಡ. "ನಮ್ಮ ಹುಡುಗ ಮಾದಿಗರಾವ ಅದಾನ, ಹಿಡಿಯಾದಿದ್ರ ಹಿಡೀರಿ, ನಿಮಗ ಬಿಟ್ಟದ್ದು ಅಂದೆ. ಯಾಕ, ಸುಳ್ಳೇನು?"

ಅವನ ಮುಖದಲ್ಲಿ ಕೆಟ್ಟತನ ಇರಲಿಲ್ಲ. ಅದನ್ನೇ ನಾನು ಇವತ್ತಿಗೂ ಮರೆಯಲಾರೆ. ನನಗೂ ಖುಷಿಯಾಗುತ್ತದೆ ಎಂದುಕೊಂಡಿದ್ದ.

"ನಿನಗ ಛಲೋ ಆತಲ್ಲಲೇ. ರಾಯಚೂರಾವರು ನಿನ್ನ ನೋಡಾಕತ್ತಾರ. ಇನ್ನೊಂದ ರೈಡು. ಮುಟ್ಟಿ ಬಾ, ಮುಗೀತು."

"ಅಂದ್ರ ಊರಾಗ..."

"ಊರಾಗ ಏನು? ನಿನ್ನ ಹಿಡದು ಮನೀಗೆ ಹೋದ್ರ ನಮ್ಮವ್ವ ಬಾಗಲದಾಗ ನಿಂದ್ರಿಸಿ ತಲಿ ಮ್ಯಾಲೆ ನೀರ ಹೊಯ್ತಾಳ. ದಿನಾ ಸಂಜಿಮುಂದ ಯಾವನಿಗೆ ಬೇಕಲೇ ಆ ಜಳಕ? ಅದಕ್ಕ ಬಿಡ್ತಿದ್ವಿ. ಹೋಗ್ಲಿ, ಗೆದ್ವಿಲ್ಲೋ?"

ನಮ್ಮ ತಂಡದಲ್ಲಿ ಜಂಗ್ಲಿಸಾಬ್ ಅಂತ ಒಬ್ಬನಿದ್ದ. ಪಿಂಜಾರರ ಹುಡುಗ, ಶಾಲೆಯಲ್ಲಿ ನನ್ನ ಜೊತೆ ಓದಿದವನು. ನಾನು ಅವನ ಕಡೆ ನೋಡಿದೆ. ಅವನು ಕಾಲಿನ ಹೆಬ್ಬೆರಳಿನಿಂದ ನೆಲ ಕೆರೆಯುತ್ತಿದ್ದ.

"ನಿನಗ ಗೊತ್ತೈತಿ ಅಂದ್ಕೊಂಡಿದ್ನೆಲ್ಲೋ ಬಾಲಪ್ಪ" ಅಂದ ಮೆಲ್ಲಗೆ. "ಊರಿಗೆಲ್ಲ ಗೊತ್ತೈತಿ."

"ನಿಮ್ಮ ಮನ್ಯಾಗ ಯಾರೂ ನೀರ ಹೊಯ್ಯಂಗಿಲ್ಲಲ್ಲ. ನೀ ಯಾಕ ಕೈ ಎತ್ತತಿದ್ದಿ?"

"ನಾ ಒಬ್ಬಾವ ಹಿಡದ್ರ ನಾಳಿ ನನ್ನೂ ಸರಪಳಿಯಿಂದ ತಗೀತಿದ್ರೋ."

ಅವನ ಮೇಲೆ ಸಿಟ್ಟು ಬರಲಿಲ್ಲ. ಅವನ ಮಾತು ಖರೆ ಇತ್ತು. ಸಿಟ್ಟು ಬಂದದ್ದು ನನ್ನ ಕಾಲಿನ ಮೇಲೆ. ಎರಡು ವರ್ಷ ಈ ಕಾಲುಗಳನ್ನು ನಾನು ಪೂಜೆ ಮಾಡಿದ್ದೆ. ಎಣ್ಣೆ ತಿಕ್ಕಿದ್ದೆ. ಇವು ಏನೂ ಗೆದ್ದಿರಲಿಲ್ಲ. ಸತ್ತ ನಾಯಿಯನ್ನು ಕಂಡು ದಾರಿ ಬಿಡುತ್ತಾರಲ್ಲ, ಹಾಗೆ ಬಿಟ್ಟಿದ್ದ ದಾರಿಯಲ್ಲಿ ನಾನು ಹುಲಿಯ ಹಾಗೆ ತಿರುಗಿದ್ದೆ. ಊರೆಲ್ಲ ನೋಡಿ ನಕ್ಕಿತ್ತು. ಬದುವಿನ ಮೇಲೆ ಕೂತ ನಮ್ಮ ಕೇರಿಯ ಹುಡುಗರು ಮಾತ್ರ ಚಪ್ಪಾಳೆ ಹೊಡೆದಿದ್ದರು. ಆ ಚಪ್ಪಾಳೆ ನೆನಪಾಗಿ ನನಗೆ ಅಳು ಬಂತು. ನುಂಗಿಕೊಂಡೆ.

ಸೀಟಿ ಆಯಿತು. ಕೊನೆಯ ರೈಡು.

ಒಬ್ಬನನ್ನು ಔಟ್ ಮಾಡಿ ಬಂದರೆ ನಾವು ಗೆದ್ದೆವು. ನಾನು ರಾಯಚೂರಿಗೆ ಹೋಗುತ್ತೇನೆ. ಬೂಟು, ಬನಿಯನ್ನು, ಪೊಲೀಸ್ ಕೆಲಸ. ಅದೆಲ್ಲ ನನಗೆ ಬೇಕಾಗಿತ್ತು. ಬೇಡ ಅಂದರೆ ಸುಳ್ಳಾಗುತ್ತದೆ. ಆದರೆ ರಾಯಚೂರಿನಲ್ಲಿಯೂ ಯಾರೋ ಒಬ್ಬ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎದುರು ತಂಡದ ಕಡೆ ಹೋಗುತ್ತಾನೆ. ಹೆಗಲ ಮೇಲೆ ಕೈ ಹಾಕಿ ಹೇಳುತ್ತಾನೆ. ನನ್ನನ್ನು ಆರಿಸುವುದೇ ಅದಕ್ಕಾಗಿ.

ಗೆರೆ ದಾಟಿದೆ. ಕಬಡ್ಡಿ ಕಬಡ್ಡಿ ಅನ್ನುತ್ತ ನಡೆದುಕೊಂಡು ಹೋದೆ. ಓಡಲಿಲ್ಲ. ಅವರು ಎರಡು ಬದಿಗೂ ಸರಿದರು. ನಾನು ನೆಟ್ಟಗೆ ಹೊನ್ನೂರಪ್ಪನ ಮುಂದೆ ಹೋಗಿ ನಿಂತೆ. ಅವನು ಕೊನೆಯ ಗೆರೆಗೆ ಹಿಮ್ಮಡಿ ಹಚ್ಚಿ ನಿಂತಿದ್ದ. ಅವನ ಎದೆಯ ಮೇಲೆ ನಳದ ನೀರು ಇನ್ನೂ ಆರಿರಲಿಲ್ಲ. ಕೈ ಚಾಚಿದರೆ ಸಿಗುತ್ತಿದ್ದ.

ಚಾಚಲಿಲ್ಲ. ಎರಡೂ ಕೈ ಕೆಳಗೆ ಬಿಟ್ಟೆ. ಕಬಡ್ಡಿ ಅನ್ನುವುದನ್ನು ನಿಲ್ಲಿಸಿದೆ. ರೈಡ್ ಹೋದವನು ಬೇರೆ ಮಾತಾಡಿದರೆ ಔಟ್. ಗೊತ್ತಿದ್ದೇ ಮಾತಾಡಿದೆ.

"ಹಿಡಿ" ಅಂದೆ.

ಸೀಟಿ ಊದಿದರು. ಆ ಕಡೆಯ ಮಂದಿ ಹೋ ಎಂದು ಕೂಗಿದರು. ಅವರು ಗೆದ್ದಿದ್ದರು. ನಮ್ಮ ಕಡೆಯಿಂದ ಅಮರೇಗೌಡ ನನ್ನ ಅವ್ವನ ಹೆಸರು ಹಿಡಿದು ಬೈಯತೊಡಗಿದ. ನಾನು ಅಲ್ಲಿಂದ ಅಲ್ಲಾಡಲಿಲ್ಲ.

"ಆಗ ಹಿಡದಿದ್ದೆಲ್ಲ, ಹಂಗ ಹಿಡಿ. ಆಟ ಮುಗೀತು, ನೀವ ಗೆದ್ರಿ. ಒಮ್ಮೆ ಹಿಡಿ."

ಹೊನ್ನೂರಪ್ಪನ ಕಣ್ಣು ಆ ಕಡೆ ಈ ಕಡೆ ಹೋಯಿತು. ಕೆಟ್ಟ ಹುಡುಗ ಅಲ್ಲ ಅವನು.

"ಆಗ ಗೊತ್ತಿದ್ದಿಲ್ಲಪ" ಅಂದ. "ಗೊತ್ತಿದ್ರ ಹಿಡೀತಿದ್ದಿಲ್ಲ."

ಹೇಳಿ ಒಂದು ಹೆಜ್ಜೆ ಹಿಂದಿಟ್ಟು ಗೆರೆಯಾಚೆ ಹೋದ. ಗೆದ್ದ ಮೇಲೆಯೂ ಹೋದ. ನಾನು ಎಡಕ್ಕೆ ತಿರುಗಿದೆ. ಎಡಗಡೆಯವರು ಸರಿದರು. ಬಲಕ್ಕೆ ತಿರುಗಿದೆ. ಅವರೂ ಸರಿದರು. ಅವರ ಪಾಳಿಯಲ್ಲಿ ಕೊನೆಗೆ ನಾನೊಬ್ಬನೇ ಉಳಿದೆ. ನನ್ನ ಸುತ್ತ ನಾಲ್ಕು ಗೆರೆ. ಗೆರೆಯ ಹೊರಗೆ ಮಂದಿ. ಅಂಪೈರು ಬಂದು ಸೀಟಿ ತೋರಿಸಿ "ನಡಿ ಹೊರಗ, ನಡಿ" ಅಂದರು. ಅವರೂ ಎರಡು ಮಾರು ದೂರದಿಂದಲೇ ಅಂದರು.

ಬಿಳಿ ಟೋಪಿಯವರು ಎದ್ದು ಹೋಗಿದ್ದರು.

ವಾಪಸು ಬರುವಾಗಲೂ ನಾನು ಪಳಿಯ ಮೇಲೆಯೇ ಕೂತಿದ್ದೆ. ಮಾಸ್ತರರು ಲಿಂಗಸುಗೂರಿನಲ್ಲಿ ನೆಂಟರ ಮನೆಗೆ ಎಂದು ಉಳಿದರು. ಒಳ್ಳೆಯವರು ಇಂಥ ಹೊತ್ತಿನಲ್ಲಿ ನೆಂಟರ ಮನೆಗೇ ಹೋಗುತ್ತಾರೆ. ಮಸ್ಕಿ ಇನ್ನೂ ದೂರ ಇತ್ತು. ಬಿಸಿಲು ಇಳಿದಿತ್ತು, ಬೆಳಕು ಇತ್ತು. ರಸ್ತೆಯ ಬದಿಗೆ ಟ್ರ್ಯಾಕ್ಟರು ನಿಂತಿತು.

"ಇಳಿಲೇ" ಅಂದ ಅಮರೇಗೌಡ.

ಇಳಿದೆ. ಅವರೂ ಇಳಿದರು. ಬ್ಯಾನರು ಬಿಚ್ಚಿ ಬಿದಿರು ಕೋಲು ಕಿತ್ತುಕೊಂಡರು. ಕೋಲು ಸಿಗದವರು ಬದಿಯ ಜಾಲಿ ಮುರಿದುಕೊಂಡರು. ನನ್ನ ಸುತ್ತ ದೂರ ದೂರ ನಿಂತರು.

"ಬೇಕಂತ ಸೋಲಿಸಿದೆಲ್ಲ ಮಗನ. ಊರ ಮರ್ಯಾದಿ ಕಳದಿ. ಮಾಡಿದ್ದು ತಪ್ಪಾತು ಅನ್ನು."

"ಏನ್ ಮಾಡೀನಿ?" ಅಂದೆ. "ಹಿಡೀರಿ ಅಂದೆ. ನೀನೂ ಹಿಡಿ ಬಾ. ಇಲ್ಲಿ ನಿಮ್ಮವ್ವ ಇಲ್ಲ."

ಗೌಡರ ಮಗನಿಗೆ ನೀನು ಅಂದದ್ದು ಅದೇ ಮೊದಲು. ಅದಕ್ಕೇ ಮೊದಲ ಪೆಟ್ಟು ಬಿತ್ತು.

ಬಹಳ ಹೊತ್ತು ಹೊಡೆದರು. ಬೆನ್ನಿಗೆ, ತೊಡೆಗೆ, ಮೊಳಕಾಲಿಗೆ. ಮೊಳಕಾಲಿಗೆ ಗುರಿ ನೋಡಿ ಹೊಡೆದರು. ಬಲಗಾಲಲ್ಲಿ ಏನೋ ಲಟಕ್ ಎಂದಿತು. ಅದಕ್ಕೂ ಮೊದಲೇ ನಾನು ಓಡಬಹುದಿತ್ತು. ಅವರ ನಡುವೆ ಸಂದು ಇತ್ತು, ಬಯಲು ಇತ್ತು. ಅವರಲ್ಲಿ ಒಬ್ಬನಿಗೂ ನಾನು ಸಿಗುತ್ತಿರಲಿಲ್ಲ. ಆದರೆ ಸಾಕಾಗಿತ್ತು ನನಗೆ. ಅವರು ಬಿಟ್ಟ ಸಂದಿಯಲ್ಲಿ ಇನ್ನೊಂದು ಸಲ ಓಡಲು ನನ್ನಿಂದ ಆಗಲಿಲ್ಲ. ನಿಂತೆ. ನಿಲ್ಲಲು ಆಗದಾಗ ಕೂತೆ. ಜಂಗ್ಲಿಸಾಬ್ ಟ್ರೇಲರಿನಿಂದ ಇಳಿಯಲಿಲ್ಲ, ಮುಖ ಆ ಕಡೆ ಮಾಡಿಕೊಂಡು ಕೂತಿದ್ದ. ಟ್ರ್ಯಾಕ್ಟರು ಹೊರಡುವಾಗ ನನ್ನ ಅಂಗಿಯನ್ನು ನನ್ನ ಕಡೆಗೆ ಎಸೆದ.

ಮರುದಿನ ಹೊತ್ತೇರಿದ ಮೇಲೆ ಊರು ಮುಟ್ಟಿದೆ. ಭತ್ತದ ಹೊಟ್ಟು ಹೇರಿದ ಲಾರಿಯೊಂದು ಸಿಂಧನೂರಿನ ತನಕ ತಂದು ಬಿಟ್ಟಿತು. ಅಲ್ಲಿಂದ ಕಾಲೆಳೆದುಕೊಂಡು, ಸಿಕ್ಕವರ ಬಂಡಿಯ ಹಿಂದೆ ಜೋತುಬಿದ್ದು ಬಂದೆ. ಕೇರಿಗೆ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಸಂಘ ನನ್ನನ್ನು ತೆಗೆದುಹಾಕಿತ್ತು. ಕೇರಿಯ ಹುಡುಗರು ಇನ್ನು ಮೈದಾನದ ಬದುವಿಗೂ ಬರಬಾರದು ಎಂದು ಚಾವಡಿಯಲ್ಲಿ ಹೇಳಿದ್ದರು. ಹಿರಿಯರು ನನ್ನನ್ನು ನೋಡಿ, "ಬಡವನ ಸಿಟ್ಟು ದವಡಿಗೆ ಮೂಲ ಅಂತ ಸುಮ್ಮನ ಅಂದಾರೇನು" ಎಂದು ಗೊಣಗಿದರು. ಕೇರಿಯ ಬಾಯಲ್ಲಿ ನಾಲ್ಕೈದು ಹುಡುಗರು ನಿಂತಿದ್ದರು. ಸ್ವಲ್ಪ ಹೊತ್ತಿಗೆ ಅವರು ಸಾರಾಯಿ ಅಂಗ​ಡಿಯ ಕಡೆ ಹೋದದ್ದು ಕಾಣಿಸಿತು.

ಅವ್ವ ನಾಟಿಗೆ ಹೋಗಿರಲಿಲ್ಲ. ಬೋರಲಾಗಿ ಮಲಗಿಸಿದಳು. ಎಣ್ಣೆಯಲ್ಲಿ ಅರಿಷಿಣ ಕಾಸಿ ತಂದಳು. ಅಂಗಿ ಬಾಸುಂಡೆಗೆ ಅಂಟಿತ್ತು. ನೀರು ಹಚ್ಚಿ ಹಚ್ಚಿ ಬಿಡಿಸಿದಳು. ಬೆನ್ನು ನೋಡಿದವಳು ಬೈಯತೊಡಗಿದಳು. ಅವರನ್ನು ಬೈದಳು, ನನ್ನನ್ನು ಬೈದಳು, ಹೆತ್ತ ತನ್ನ ಹೊಟ್ಟೆಯನ್ನು ಬೈದಳು. ಬೈಯುತ್ತಲೇ ಎಣ್ಣೆ ಹಚ್ಚಿದಳು.

"ಓಡೂದ್ರಾಗ ನಿನ್ನ ಮೀರಿಸಾವರು ಇಲ್ಲಂತಿದ್ದೆಲ್ಲೋ. ಓಡಿ ಬರಬಾರದಾಗಿತ್ತೇನೋ ನನ್ನಪ್ಪಾ? ಎಷ್ಟು ಮಂದಿ ಹಿಡ್ಕೊಂಡಿದ್ರೋ ನಿನ್ನ?"

"ಯಾರೂ ಹಿಡದಿದ್ದಿಲ್ಲ ಬೇ" ಅಂದೆ.